ಕರಡಿಯ ಬೆನ್ನಿಗೆ ಉದ್ದ ಕೂದಲು ಬಂದದ್ದು

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಗುಡ್ಡದ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿ ಹೆಚ್ಚು ದಿನವಾಗಿರಲಿಲ್ಲ. ಕೆಲವು ಇನ್ನೂ ಸರಿಯಾಗಿ ಕೂತಿರಲಿಲ್ಲ. ಗಾಳಿ ಜೋರಾಗಿ ಬೀಸಿದರೆ ಒಂದಿಷ್ಟು ಅಲುಗಾಡಿ ಮತ್ತೆ ಸುಮ್ಮನಾಗುತ್ತಿದ್ದವು.

ಆಗ ಕರಡಿಯ ಮೈ ಎಮ್ಮೆಯ ಮೈಯಂತೆ ಇತ್ತು, ಪುಟ್ಟಿ. ಗಿಡ್ಡ ಕೂದಲು, ನುಣ್ಣನೆಯ ಬೆನ್ನು. ನೀನು ನೋಡಿದ್ದರೆ ಅದನ್ನು ಕರಡಿ ಎಂದು ಒಪ್ಪುತ್ತಲೇ ಇರಲಿಲ್ಲ.

ಆ ಗುಡ್ಡದ ಗವಿಯಲ್ಲಿ ಒಂದು ಕರಡಿ ಸಂಸಾರವಿತ್ತು. ಅಜ್ಜಿಯ ಹೆಸರು ಹುತ್ತವ್ವ. ಮಗ ಬಂಡೆಪ್ಪ, ಸೊಸೆ ಮಾಳವ್ವ. ಅವರ ಕೂಸು ಜೇನವ್ವ, ಆಗಷ್ಟೇ ಕಣ್ಣು ಬಿಟ್ಟು ನಡೆಯಲು ಕಲಿತಿತ್ತು. ಕರಡಿಗಳಿಗೂ ಹೆಸರೇ ಎಂದು ನಗಬೇಡ. ಹೆಸರು ಬರೆದಿಡದಿದ್ದರೆ, ಯಾರು ಏನು ಮಾಡಿದರು ಎಂಬುದು ಮುಂದೆ ಬರುವವರಿಗೆ ತಿಳಿಯುವುದಿಲ್ಲ.

ಅದು ಮಾತಿನ ಮನೆ. ತಿನ್ನುವಾಗ ಮಾತು, ಮೈ ಕೆರೆದುಕೊಳ್ಳುವಾಗ ಮಾತು. ಒಬ್ಬರು ಒಂದು ಅಂದರೆ ಇನ್ನೊಬ್ಬರು ಉತ್ತರ ಕೊಡದೆ ಬಿಡುತ್ತಿರಲಿಲ್ಲ.

ಆ ಕಾಲದಲ್ಲಿ ಮಾಗಿಯ ಚಳಿಗಾಳಿ ಒಂದು ಕಟ್ಟುಪಾಡು ಮಾಡಿತ್ತು. ತಾನು ಗುಡ್ಡ ಬಿಟ್ಟು ಹೋಗುವವರೆಗೆ ಎಳೆ ಕೂಸಿರುವ ಕರಡಿಗಳು ಗವಿಯಿಂದ ಹೊರಗೆ ಬರುವಂತಿಲ್ಲ. ಗುಡ್ಡದ ನೆತ್ತಿಯ ಬಾರೆಮರವೋ, ಅದೇ ಎಲಚಿಮರ, ಮಾಗಿಯಲ್ಲೇ ಹಣ್ಣು ಬಿಟ್ಟು, ಮಾಗಿಯಲ್ಲೇ ಉದುರಿಸಿಬಿಡುತ್ತಿತ್ತು. ಹಾಲೂಡಿಸುವ ಮಾಳವ್ವನ ಪಾಲಿಗೆ ಸಿಗುತ್ತಿದ್ದದ್ದು ಬರೀ ಅದರ ವಾಸನೆ. ಗವಿಯಲ್ಲೇ ಕೂತು ಕೂತು ಅವಳ ಪಕ್ಕೆಲುಬು ಕಾಣುತ್ತಿತ್ತು.

ಒಂದು ಬೆಳಗ್ಗೆ ಆ ವಾಸನೆ ಎಂದಿಗಿಂತ ಸಿಹಿಯಾಗಿ ಗವಿಯೊಳಗೆ ಬಂತು. ಹುತ್ತವ್ವ ಎದ್ದು ಕೂತಳು. ಸೊಸೆಯ ಪಕ್ಕೆ ನೋಡಿದಳು.

“ನಡೀರಿ, ಬಾರೆಮರಕ್ಕೆ ಹೋಗಿ ಬರೋಣ.”

“ಈಗಲೇ ಏನತ್ತೆ? ಈ ಚಳೀಲಿ, ಕೂಸನ್ನ ಕಟ್ಟಿಕೊಂಡು?”

“ನಾಳೆಗೆ ಹಣ್ಣು ಉದುರಿರುತ್ತೆ. ಕೂಸೂ ಬರಲಿ. ಅದೂ ಈ ಮನೆಯದೇ ತಾನೆ.”

ಹೀಗೆ ಎದ್ದವರು ಎದ್ದ ಹಾಗೆಯೇ ಹೊರಟರು. ಗವಿಯ ಬಾಗಿಲಲ್ಲೇ ಚಳಿಗಾಳಿ ಕಾಲು ಚಾಚಿ ಕೂತಿತ್ತು. ಮೆರವಣಿಗೆ ಎಲ್ಲಿಗೆ ಎಂದು ಕೇಳಿತು. ಬಂಡೆಪ್ಪ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಅವನಿಗೆ ಗೊತ್ತಿರಲಿಲ್ಲ.

“ಬಾರೆಮರದ ತನಕ. ತಡೆಯೋಕಾದರೆ ತಡಿ.”

ಗಾಳಿಗೆ ಅಷ್ಟೇ ಸಾಕಾಯಿತು. “ನಿಮ್ಮ ಕೂಸು ಮರ ಮುಟ್ಟಿದರೆ ಮಾಗಿಯೆಲ್ಲ ಗುಡ್ಡ ನಿಮ್ಮದು. ಮುಟ್ಟದೆ ಹಿಂದಕ್ಕೆ ಬಂದರೆ, ಇನ್ನು ಎಂದೆಂದಿಗೂ ಯಾವ ಕರಡಿಯೂ, ಕೂಸಿರಲಿ ಇಲ್ಲದಿರಲಿ, ನನ್ನ ಕಾಲದಲ್ಲಿ ಹೊರಗೆ ಕಾಲಿಡಬಾರದು.”

ಆಗಲಿ ಅಂದುಬಿಟ್ಟ ಬಂಡೆಪ್ಪ. ಮಾಳವ್ವ ಗಂಡನನ್ನು ನೋಡಿದ ನೋಟಕ್ಕೆ ಪಕ್ಕದ ಬಂಡೆಯೂ ಒಮ್ಮೆ ಅಲುಗಾಡಿತಂತೆ.

ಈಗ ಬೆಕ್ಕು ಮರಿಯನ್ನು ಎತ್ತುತ್ತದಲ್ಲ, ಆಗ ಕರಡಿಗಳೂ ಹಾಗೆಯೇ ಕೂಸಿನ ಕತ್ತಿನ ಹಿಂದೆ ಬಾಯಲ್ಲಿ ಹಿಡಿದು ಎತ್ತುತ್ತಿದ್ದವು. ಬಂಡೆಪ್ಪ ಜೇನವ್ವನನ್ನು ಎತ್ತಿಕೊಂಡು ಏರು ಹತ್ತಿದ. ಗಾಳಿ ಪಕ್ಕದಲ್ಲೇ ಬಂತು. ಅವನ ನಡಿಗೆ ಆಮೆಯ ನಡಿಗೆ ಎಂದಿತು. ಅವನು ಬಾಯಿ ಬಿಡಲಿಲ್ಲ. ಅವನ ಅಪ್ಪನದೂ ಅದೇ ನಡಿಗೆ ಎಂದಿತು.

“ನಮ್ಮಪ್ಪನ ಸುದ್ದಿಗೆ ಬರಬೇಡ.”

ಬಾಯಿ ತೆರೆಯಿತು, ಕೂಸು ಬಿತ್ತು. ಇಬ್ಬನಿ ತುಂಬಿದ ಹುಲ್ಲಿನಲ್ಲಿ ಬಿದ್ದು ಕುಂಯ್ ಎಂದಿತು.

ಮಾಳವ್ವ ಗಂಡನಿಗೆ ಚೆನ್ನಾಗಿ ಬೈದಳು. ಸ್ವಲ್ಪ ದೂರ ಬಾಯಿ ಕಟ್ಟಿಕೊಂಡಿರಲು ಆಗದವನು ಎಂಥ ಅಪ್ಪ ಎಂದು ಕೇಳಿ, ತಾನೇ ಕೂಸನ್ನು ಕಚ್ಚಿಕೊಂಡಳು. ಗಾಳಿ ಸ್ವಲ್ಪ ದೂರ ಜೊತೆಗೇ ಬಂದು, ಆಮೇಲೆ ಮೆಲ್ಲಗೆ, ಅವಳನ್ನಲ್ಲ, ಅವಳ ಅತ್ತೆಯನ್ನು ಮಾತಾಡಿಸಿತು.

“ಹುತ್ತವ್ವ, ನಿಮ್ಮ ಸೊಸೆ ಗವಿ ಗುಡಿಸೋದೇ ಇಲ್ಲವಂತೆ, ಹೌದೇ?”

“ಯಾರು ಹೇಳಿದ್ದು?” ಎಂದಳು ಮಾಳವ್ವ.

ಈ ಸಲ ಕೂಸು ಬಂಡೆಯ ದೊಣೆಯಲ್ಲಿ ನಿಂತಿದ್ದ ನೀರಿಗೆ ಬಿತ್ತು. ಎತ್ತಿದಾಗ ಗಡಗಡ ನಡುಗುತ್ತಿತ್ತು. ಅಳುವ ದನಿಯೂ ಸಣ್ಣದಾಗುತ್ತಿತ್ತು. ಬಂಡೆಪ್ಪ ತಲೆ ತಗ್ಗಿಸಿದ. ಸೋತರೆ ಸೋತೆವು, ಕೂಸು ಉಳಿದರೆ ಸಾಕು, ಮನೆಗೆ ಹೋಗೋಣ ಎಂದ. ಹಿಂದೆ ನೋಡಿದರೆ ಗವಿ ಬಲು ದೂರ. ಮುಂದೆ ನೋಡಿದರೆ ಮರ ಇನ್ನೂ ಮೇಲೆ.

ಹುತ್ತವ್ವ ಕೂಸನ್ನು ನೆಕ್ಕಿ ನೆಕ್ಕಿ ಬೆಚ್ಚಗೆ ಮಾಡುತ್ತಿದ್ದಳು. ಗಾಳಿ ನಕ್ಕಿತು. “ಈಗ ನಿನ್ನ ಸರದಿ, ಮುದುಕಿ. ಬಾಯಿ ಮುಚ್ಚಿಕೊಂಡು ಎತ್ತಿಕೋ.”

ಹುತ್ತವ್ವ ತಲೆ ಎತ್ತಿದಳು. “ಬಾಯಿ ಮುಚ್ಚಿಕೊಂಡು ಈ ಮನೇಲಿ ಯಾರೂ ಬಾಳಿಲ್ಲ. ನಾನಂತೂ ಬಾಳೋದಿಲ್ಲ. ನನ್ನ ಬಾಯಿ ಮಾತಿಗೇ ಇರಲಿ, ಕೂಸಿಗೆ ಬೆನ್ನಿದೆ.”

ಹಾಗೆಂದವಳೇ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಳು. “ಹತ್ತವ್ವ ಜೇನಿ, ಗಟ್ಟಿಯಾಗಿ ಹಿಡಿ.”

ಜೇನವ್ವ ಹತ್ತಿತು. ಜಾರಿತು. ಮತ್ತೆ ಹತ್ತಿತು. ಅಜ್ಜಿಯ ಹೆಗಲ ನಡುವಿನ ಗಿಡ್ಡ ಕೂದಲನ್ನು ನಾಲ್ಕೂ ಕಾಲಿನ ಉಗುರಿನಿಂದ ಹಿಡಿದುಕೊಂಡಿತು. ಹುತ್ತವ್ವ ಎದ್ದು ನಡೆದಳು.

ಗಾಳಿ ಒಂದು ಅಂದರೆ ಅವಳು ಎರಡು ಅಂದಳು. ನಿನ್ನ ಮಂಡಿ ಕಟಕಟ ಅನ್ನುತ್ತಿದೆ ಎಂದರೆ, ನಿನ್ನ ಹಾಡಿಗೆ ತಾಳ ಬೇಡವೇ ಎಂದಳು. ಬಂಡೆಪ್ಪನಿಗೂ ಮಾಳವ್ವನಿಗೂ ನಗು ತಡೆಯಲಾಗಲಿಲ್ಲ. ಕೂಸು ಮಾತ್ರ ಬೀಳಲಿಲ್ಲ.

ಮಾತಿನಲ್ಲಿ ಸೋತ ಗಾಳಿ ಬಲಕ್ಕೆ ಇಳಿಯಿತು. ಕೂಸನ್ನು ಹಿಡಿದು ಎಳೆಯಿತು. ಕೂಸು ಕೂದಲು ಬಿಡಲಿಲ್ಲ. ಕೂದಲು ಕಿತ್ತು ಬರಲಿಲ್ಲ. ಹೊಸ ಲೋಕದ ಹೊಸ ಕೂದಲು, ಎಳೆದಷ್ಟೂ ಉದ್ದವಾಯಿತು. ಗಾಳಿ ಮತ್ತೆ ಎಳೆಯಿತು, ಮತ್ತೆ ಉದ್ದವಾಯಿತು. ಕೂದಲು ಉದ್ದವಾದಷ್ಟೂ ಜೇನವ್ವ ಅದರೊಳಗೆ ಹುದುಗಿತು. ಒದ್ದೆ ಮೈಯನ್ನು ಅದೇ ಗಾಳಿ ಒಣಗಿಸಿತು. ನಡುಕ ನಿಂತಿತು. ಕಪ್ಪು ಕೂದಲ ನಡುವೆ ಕೂಸಿನ ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

ಅಮ್ಮನಿಗೆ ಗಾಳಿ ಬಡಿಯದಂತೆ ಅಡ್ಡವಾಗಿ ಬಂಡೆಪ್ಪ ಮುಂದೆ ನಡೆದ, ಪಕ್ಕದಲ್ಲಿ ಮಾಳವ್ವ. ಗಾಳಿ ಸಿಟ್ಟಿನಿಂದ ಅವರ ಕೂದಲನ್ನೂ ಎಳೆಯಿತು. ಅವೂ ಉದ್ದವಾದವು.

ಗುಡ್ಡದ ನೆತ್ತಿ ಬಂತು. ಎಳೆ ಬಿಸಿಲಿನಲ್ಲಿ ಬಾರೆಮರ ಕೆಂಪಗೆ, ಹಳದಿಯಾಗಿ ಹಣ್ಣು ಹೊತ್ತು ನಿಂತಿತ್ತು. ಹುತ್ತವ್ವ ಕೊಂಬೆಯ ಕೆಳಗೆ ನಿಂತು ಏದುಸಿರು ಬಿಟ್ಟಳು. ಕೂದಲ ರಾಶಿಯಿಂದ ಒಂದು ಪುಟ್ಟ ಕೈ ಹೊರಗೆ ಬಂತು. ಕೊಂಬೆ ಮುಟ್ಟಿತು.

ಹಣ್ಣು ಪಟಪಟ ಉದುರಿದವು. ಗಾಳಿ ಬೀಸುವುದನ್ನು ನಿಲ್ಲಿಸಿತು. ಆಮೇಲೆ, ಗುಡ್ಡ ನಿಮ್ಮದೇ ಎಂದಿತು. ಗಾಳಿಯಾದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ.

ಮಾಳವ್ವ ಹೊಟ್ಟೆ ತುಂಬ ತಿಂದಳು. ಒಂದು ಹಣ್ಣನ್ನು ಜಗಿದು ಅದರ ರಸವನ್ನು ಕೂಸಿನ ನಾಲಿಗೆಗೆ ಹಚ್ಚಿದಳು. ಇಳಿಯುವಾಗ ಅತ್ತೆಯನ್ನು ಕೇಳಿದಳು: “ಈಗ ನನ್ನ ಬೆನ್ನಿಗೆ ಕೊಡಿ ಅತ್ತೆ. ನನಗೂ ಗಾಳಿ ಹತ್ತಿರ ಸ್ವಲ್ಪ ಮಾತಿದೆ.”

ಅದಕ್ಕೇ ಪುಟ್ಟಿ, ಇಂದಿಗೂ ಕರಡಿಯ ಹೆಗಲ ಮೇಲಿನ ಕೂದಲು ಎಲ್ಲಕ್ಕಿಂತ ಉದ್ದ. ಚಳಿಯ ದಿನ ತಾಯಿಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ಗೊರಗೊರ ಅನ್ನುತ್ತ ಬಂಡೆ ಹತ್ತುವುದು ನಿನಗೆ ಕಂಡರೆ, ಅವಳು ಗಾಳಿಗೆ ಉತ್ತರ ಕೊಡುತ್ತಿದ್ದಾಳೆ ಎಂದು ತಿಳಿ.