ಬಿಸಿ ಪಾಕದ ಉಪಚಾರ

ಮನೆಯಲ್ಲೇ ಬಿಯರ್ ಮಾಡುವ ಕಿಟ್ ತಂದ ಲ್ಯಾನ್ಸಿ, ಡಬ್ಬಿಯಲ್ಲಿದ್ದ ಮಾಲ್ಟ್ ಪಾಕವನ್ನು ಬಕೆಟ್ಟಿಗೆ ಸುರಿದು ಕುದಿನೀರು ಹೊಯ್ದ. ಪಾಕ ಹಿಗ್ಗಿತು. ಇನ್ನು ಪೊಟ್ಟಣದಲ್ಲಿ ಮಲಗಿರುವ ಯೀಸ್ಟ್ ಬಂದು ತನ್ನ ಸಿಹಿಯನ್ನುಂಡರೆ ಸಾಕು, ತಾನು ಬಿಯರ್!

"ಬರಬೇಕು, ಬರಬೇಕು," ಎಂದು ಕರೆಯಿತು.

"ಬರುತ್ತೇನೆ ಸ್ವಾಮಿ. ಮೊದಲು ಕೈಯಿಟ್ಟರೆ ಸುಡದಷ್ಟು ಆರಿಕೊಳ್ಳಿ," ಎಂದಿತು ಯೀಸ್ಟ್.

ಪಾಕಕ್ಕೆ ಅವಮಾನವಾಯಿತು. "ಆರಿದ್ದನ್ನು ಅತಿಥಿಯ ಮುಂದಿಡುವ ಮನೆತನ ನಮ್ಮದಲ್ಲ. ಬಿಸಿಬಿಸಿ ಇರುವಾಗಲೇ ಬಡಿಸುವುದು ನಮ್ಮ ಪದ್ಧತಿ."

"ನಾನು ಉಂಡು ಎದ್ದುಹೋಗುವವನಲ್ಲ, ನಿಮ್ಮೊಳಗೇ ಬಾಳಬೇಕಾದವನು."

"ಸಂಕೋಚ ಬೇಡ," ಎಂದಿತು ಪಾಕ.

ಲ್ಯಾನ್ಸಿಗೂ ಆತುರ. ಪೊಟ್ಟಣ ಕತ್ತರಿಸಿ ಸುರಿದೇಬಿಟ್ಟ. ಯೀಸ್ಟ್ ಬಿದ್ದಲ್ಲೇ ಬೆಂದು ಸತ್ತು, ತಳ ಸೇರಿತು.

ವಾರ ಕಳೆದರೂ ಒಂದು ಗುಳ್ಳೆ ಏಳಲಿಲ್ಲ. ಲ್ಯಾನ್ಸಿ ಮುಚ್ಚಳ ತೆಗೆದು ರುಚಿ ನೋಡಿದ. ಬರೀ ಸಿಹಿ. ಮುಖ ಸಿಂಡರಿಸಿಕೊಂಡು ಬಕೆಟ್ಟನ್ನು ಬಚ್ಚಲಿಗೆ ಎಳೆದ.

ಚರಂಡಿಗೆ ಇಳಿಯುವಾಗಲೂ ಪಾಕ ಬಕೆಟ್ಟಿನ ಹತ್ತಿರ ದೂರುತ್ತಲೇ ಇತ್ತು: "ಅಷ್ಟು ಆದರದಿಂದ ಕರೆದೆ. ಒಂದು ತುತ್ತೂ ಮುಟ್ಟಲಿಲ್ಲ ನೋಡು. ಈಗಿನ ಅತಿಥಿಗಳಿಗೆ ಮರ್ಯಾದೆಯೇ ಗೊತ್ತಿಲ್ಲ."