ಕೆರೆಯ ಕರುಗಳು

ಇನ್ನೂ ಸ್ವಲ್ಪ ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಗೋಡೆಗೆ ಒರಗಿದವರಿಗೆ ನಿದ್ದೆ ಬರುತ್ತೆ, ಕಥೆ ಬರೋಲ್ಲ. ನಾನೂ ನೋಡಿಲ್ಲ, ನಿಮ್ಮಜ್ಜಿಯೂ ನೋಡಿಲ್ಲ, ಆದರೂ ಹೊನ್ನಾರು ಅಂತ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೆ ಬೊಪ್ಪರಸ ಅಂತ ಒಬ್ಬ ರಾಜ. ಮೀಸೆ ಈಗಷ್ಟೇ ಚಿಗುರುತ್ತಿದ್ದ ಹುಡುಗ. ಮನಸ್ಸು ಬೆಣ್ಣೆ. ತಲೆ ಮಾತ್ರ ಸ್ವಲ್ಪ ನಿಧಾನ.

ಪಟ್ಟ ಕಟ್ಟುವ ದಿನ ಅವನು ಒಂದು ಮಾತು ಕೊಟ್ಟುಬಿಟ್ಟ. "ಯಾರು ಬಂದು ಏನೇ ಕೇಳಲಿ, ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ!" ಜನ ಚಪ್ಪಾಳೆ ತಟ್ಟಿದರು. ರಾಜ ಹಿರಿಹಿರಿ ಹಿಗ್ಗಿದ. ಹಿಂದೆಮುಂದೆ ನೋಡದೆ ಆಡಿದ ಮಾತಿಗೆ ಚಪ್ಪಾಳೆ ಬಿದ್ದರೆ ಆಮೇಲೆ ಅದನ್ನು ನುಂಗೋದು ಎಷ್ಟು ಕಷ್ಟ ಅಂತ ಪಾಪ, ಅವನಿಗೆ ಗೊತ್ತಿರಲಿಲ್ಲ.

ಆ ರಾಜ್ಯದಲ್ಲಿ ದಾನಗಳಲ್ಲೆಲ್ಲ ದೊಡ್ಡದು ಗೋದಾನ. ಅದಕ್ಕೆ ಒಂದು ಕಟ್ಟಲೆ ಇತ್ತು. ಧಾರೆ ಎರೆದು ಕೊಟ್ಟ ಹಸುವನ್ನು ಕೊಟ್ಟವನು ವಾಪಸ್ ತಗೊಳ್ಳೋ ಹಾಗಿಲ್ಲ, ತಗೊಂಡವನು ಬಿಡೋ ಹಾಗಿಲ್ಲ. ಕಟ್ಟಿಕೊಂಡವನೇ ಮೇವು ಹಾಕಬೇಕು. ಕರುವಿನ ಹೊಟ್ಟೆ ತುಂಬುವವರೆಗೆ ಕೆಚ್ಚಲಿಗೆ ಚೊಂಬು ಹಿಡಿಯಬಾರದು. ಇದು ಆ ಸೀಮೆಯ ಎಳೆ ಮಕ್ಕಳಿಗೂ ಗೊತ್ತು. ರಾಜನಿಗೂ ಗೊತ್ತು. ಅರಮನೆಯ ಕೊಟ್ಟಿಗೆಯಲ್ಲಿ ಮಚ್ಚೆ ಅಂತ ಒಂದು ಹಸು ಇತ್ತು, ಅದರ ಹಾಲು ಕುಡಿದೇ ಅವನು ಬೆಳೆದವನು. ಈಗ ಮಚ್ಚೆಗೆ ವಯಸ್ಸಾಗಿತ್ತು. ಹಾಲು ನಿಂತಿತ್ತು, ಹಲ್ಲು ಉದುರಿತ್ತು, ಮಾತು ಮಾತ್ರ ಹರಿತವಾಗಿತ್ತು.

ರಾಜನಿಗೆ ಎಲೆಯಡಿಕೆ ಮಡಿಚಿ ಕೊಡುವವನು ಕೇತಯ್ಯ. ಸದಾ ರಾಜನ ಪಕ್ಕದಲ್ಲೇ ನಿಲ್ಲುವವನು. ಬೆಣ್ಣೆ ಮನಸ್ಸು ಎಷ್ಟು ಬೇಗ ಕರಗುತ್ತೆ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಒಂದು ದಿನ ಕೇತಯ್ಯ ಎಲೆ ಮಡಿಚಿ ಕೊಟ್ಟ. ಮುಖ ಸಪ್ಪಗೆ ಮಾಡಿಕೊಂಡ.

"ಪ್ರಭು, ಬಿಸಿಲಿಗೆ ನನ್ನ ತಲೆ ಸುಡುತ್ತೆ. ಊರ ಮುಂದಿನ ಹೊಂಗೆ ತೋಪನ್ನ ನಂಗೆ ದಾನ ಕೊಡ್ತೀರಾ?"

"ತಗೋ ಕೇತಯ್ಯ, ಅದಕ್ಕೇನಂತೆ!"

"ಬರೀ ಬಾಯಿಮಾತು ಬೇಡ ಪ್ರಭು. ಗೋದಾನದ ಕಟ್ಟಲೆಯಲ್ಲೇ ಕೊಡಿ. ಆ ತೋಪೇ ಹಸು ಅಂದ್ಕೊಳ್ಳಿ. ಧಾರೆ ಎರೆದುಬಿಡಿ."

ನೋಡಿ ಅವನ ಚಾಲಾಕಿತನ! ಗೋದಾನ ಅಂದರೆ ಮುಂದೆ ಯಾರೂ ಕಿತ್ತುಕೊಳ್ಳೋ ಹಾಗಿಲ್ಲವಲ್ಲ. ರಾಜ ಸಭೆಯ ಮುಂದೆ ನೀರು ಬಿಟ್ಟ. ತೋಪು ಕೇತಯ್ಯನದಾಯಿತು. ಕೇತಯ್ಯ ಸುತ್ತ ಮುಳ್ಳುಬೇಲಿ ಹಾಕಿಸಿದ. ನೆರಳಿಗೆ ಕೂರಬೇಕು ಅಂದವರು ಅವನ ಹೊಲದಲ್ಲಿ ಒಂದು ದಿನ ಬಿಟ್ಟಿ ಚಾಕರಿ ಮಾಡಬೇಕು ಅಂದ. ಹಕ್ಕಿಗಳು ಚಾಕರಿ ಮಾಡುತ್ತವೆಯೇ? ಗೂಡು ಕೆಡವಿಸಿ ಓಡಿಸಿದ.

ಒಂದು ಗೊರವಂಕ ಹಕ್ಕಿ ಬಂದು ರಾಜನ ಕಿಟಕಿಯಲ್ಲಿ ಕೂತು ಗೊಳೋ ಅಂತ ಅತ್ತಿತು.

ರಾಜ ಕಿರೀಟ ಎತ್ತಿ ತಲೆ ಕೆರೆದುಕೊಂಡ. 'ಕೊಟ್ಟರೆ ಪುಣ್ಯ ಅಂತಾರೆ. ನಾನು ಕೊಟ್ಟೆ. ಮತ್ತೆ ಈ ಹಕ್ಕಿ ಯಾಕೆ ಅಳುತ್ತೆ?' ಯಾರನ್ನು ಕೇಳೋದು? ಪಕ್ಕದಲ್ಲೇ ಇದ್ದ ಕೇತಯ್ಯನನ್ನೇ ಕೇಳಿದ.

"ಅಯ್ಯೋ ಪ್ರಭು, ಅದು ಅಳು ಅಲ್ಲ. ನಿಮ್ಮ ಔದಾರ್ಯ ನೋಡಿ ಆನಂದಬಾಷ್ಪ!"

"ಹಾಗಾ?" ಅಂದ ರಾಜ. ಹಕ್ಕಿಯ ಕಡೆ ಇನ್ನೊಮ್ಮೆ ನೋಡಿದ. ಆನಂದದ ಹಾಗೆ ಏನೂ ಕಾಣಲಿಲ್ಲ.

ಸ್ವಲ್ಪ ದಿನ ಆಯಿತು. ಕೇತಯ್ಯ ಮತ್ತೆ ಎಲೆ ಮಡಿಚಿ ಕೊಟ್ಟ, ಮತ್ತೆ ಮುಖ ಸಪ್ಪಗೆ ಮಾಡಿಕೊಂಡ.

"ಪ್ರಭು, ಹಸು ಏನೋ ಕೊಟ್ಟಿರಿ. ಒಂಟಿ ಹಸು. ಅದಕ್ಕೆ ಜೊತೆ ಬೇಡವಾ? ಊರ ಹಿಂದಿನ ಜೇನುಗುಡ್ಡವನ್ನೂ ಅದೇ ಕಟ್ಟಲೆಯಲ್ಲಿ ಕೊಟ್ಟುಬಿಡಿ."

ಇಲ್ಲ ಅನ್ನೋ ಹಾಗಿಲ್ಲವಲ್ಲ. ರಾಜ ಧಾರೆ ಎರೆದ. ಕೇತಯ್ಯ ಗುಡ್ಡದ ದಾರಿಗೆ ಅಡ್ಡಲಾಗಿ ಬಂಡೆ ಉರುಳಿಸಿದ. ಜೇನು ನನ್ನದು, ಹುಲ್ಲು ನನ್ನದು, ಬೋರೆಹಣ್ಣು ನನ್ನದು ಅಂದ. ಕರಿಮೂತಿಯ ಮುಸುವ ಕೋತಿಯೊಂದು ತನ್ನ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಅರಮನೆಯ ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತಿತು.

ರಾಜ ಕಿರೀಟ ಎತ್ತಿ ತಲೆ ಕೆರೆದುಕೊಂಡ. "ಇದು ಯಾಕೆ ಅಳುತ್ತೆ ಕೇತಯ್ಯ?"

"ಹೊಟ್ಟೆಕಿಚ್ಚು ಪ್ರಭು! ನಂಗೆ ಕೊಟ್ಟಿರಿ, ಅದಕ್ಕೆ ಕೊಡಲಿಲ್ಲ ಅಂತ."

"ಹಾಗಾ?" ಅಂದ ರಾಜ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಏನೋ ತಪ್ಪಾಗಿದೆ. ಏನು ಅಂತ ಮಾತ್ರ ತಿಳಿಯದು. ಕೊಟ್ಟ ಕೈ ತನ್ನದೇ, ಅದರಲ್ಲಿ ಕೊಳಕು ಕಾಣದು. ಆದರೂ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಮೂರನೆಯ ಸಲ ಕೇತಯ್ಯ ಮುಖ ಸಪ್ಪಗೆ ಮಾಡುವ ಕಷ್ಟವನ್ನೂ ತಗೊಳ್ಳಲಿಲ್ಲ. ಹಲ್ಲು ಕಿರಿಯುತ್ತಲೇ ಕೇಳಿದ.

"ದೊಡ್ಡಕೆರೆ ಕೊಡಿ ಪ್ರಭು. ಅದೇ ಕಟ್ಟಲೆ."

ಆ ಕೆರೆ ಒಂದೇ ರಾಜ್ಯಕ್ಕೆಲ್ಲ ನೀರು. ಬೇಡ ಅಂತ ರಾಜನ ಮನಸ್ಸು ಕೂಗಿತು. ನಾಲಿಗೆ ಹೊರಳಲಿಲ್ಲ. ಕೊಟ್ಟ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಧಾರೆ ಎರೆದ.

ಕೇತಯ್ಯ ಕೆರೆಗೆ ಬೇಲಿ ಹಾಕಿದ, ತೂಬಿಗೆ ಬೀಗ ಜಡಿದ. ಒಂದು ಕೊಡ ನೀರಿಗೆ ಒಂದು ದಿನ ಬಿಟ್ಟಿ ಚಾಕರಿ. ಅರಮನೆಯ ಆಳು ಕೊಡ ಹೊತ್ತು ಹೋದವನು ಬರಿಗೊಡ ಹೊತ್ತು ಬಂದ.

"ಏನಾಯ್ತೋ?" ಅಂದ ರಾಜ.

"ಅರಮನೆಯವರಾದ್ರೂ ಅಷ್ಟೇ, ಮೊದಲು ಬಂದು ನನ್ನ ಹೊಲ ಉಳಲಿ ಅಂದ್ರು ಕೇತಯ್ಯನವರು, ಬುದ್ಧಿ."

ರಾಜ ತಾನೇ ಕೆರೆಯ ಕಡೆ ಓಡಿದ. ದಾರಿಯಲ್ಲಿ ಜನ ಗಂಟುಮೂಟೆ ಕಟ್ಟಿ ಗಾಡಿಗೆ ಹೇರುತ್ತಿದ್ದರು. ಬೇಲಿಯ ಹೊರಗೆ ಕಪ್ಪೆಯೊಂದು ಒಣಗಿದ ಬಾಯಿ ತೆರೆದು ಕೂತಿತ್ತು. ಅಳೋಣ ಅಂದರೂ ಅದರ ಕಣ್ಣಲ್ಲಿ ನೀರಿರಲಿಲ್ಲ. ಕುಂಬಾರರ ಸಾಕವ್ವ ಬರಿಗೊಡವನ್ನು ರಾಜನ ಕಾಲ ಬಳಿ ಇಟ್ಟಳು.

"ಕೊಡುಗೈ ದೊರೆ ಅಂತ ಹಾಡಿ ಹೊಗಳಿದ್ವಿ ಕಣಪ್ಪಾ. ನೀನು ಕೊಡ್ತಾ ಹೋದೆ, ನಮ್ಮ ಮಕ್ಕಳ ಬಾಯಿ ಒಣಗ್ತಾ ಬಂತು. ನಾಳೆ ಮಧ್ಯಾಹ್ನದವರೆಗೆ ನೋಡ್ತೀವಿ. ಆಮೇಲೆ ಹೊನ್ನಾರಿಗೂ ನಮಗೂ ಋಣ ತೀರ್ತು."

ರಾಜನ ತಲೆ ಗಿರ್ ಅಂದಿತು. ಕೆರೆ ಕಿತ್ತುಕೊಂಡರೆ ಕಟ್ಟಲೆ ಮುರಿಯುತ್ತೆ, ತಾನು ಕೊಟ್ಟ ಮಾತಿಗೆ ಕವಡೆ ಬೆಲೆ ಇರೋಲ್ಲ. ಕಿತ್ತುಕೊಳ್ಳದಿದ್ದರೆ ರಾಜ್ಯದಲ್ಲಿ ನೊಣ ಕೂಡ ಉಳಿಯೋಲ್ಲ. ದಾನ ಮಾಡಿದ್ದು ತಪ್ಪಾ? ಮಾಡದೆ ಇರೋದು ತಪ್ಪಾ? ಒಳ್ಳೆಯ ಕೆಲಸ ಇಷ್ಟು ಕೆಟ್ಟದಾಗೋದು ಹೇಗೆ? ಅವನಿಗೆ ಒಂದೂ ಅರ್ಥ ಆಗಲಿಲ್ಲ.

ಅಮ್ಮ ಬೈದಾಗ ಚಿಕ್ಕಂದಿನಲ್ಲಿ ಓಡಿಹೋಗುತ್ತಿದ್ದ ಜಾಗಕ್ಕೇ ಈಗಲೂ ಓಡಿದ. ಕೊಟ್ಟಿಗೆಗೆ. ಮಚ್ಚೆಯ ಕೊರಳು ತಬ್ಬಿ ಬಿಕ್ಕಿ ಬಿಕ್ಕಿ ಅತ್ತ. ಕಣ್ಣೀರು ಬೂಸಾದ ಬಾನಿಯೊಳಗೆ ತೊಟ್ಟಿಕ್ಕಿತು.

"ಇನ್ನೂ ಸ್ವಲ್ಪ ಅಳು," ಅಂದಿತು ಮಚ್ಚೆ. "ಬೂಸಾಕ್ಕೆ ಉಪ್ಪು ಸಾಲ್ದಾಗಿತ್ತು."

"ತಮಾಷೆ ಮಾಡಬೇಡ ಮಚ್ಚೆ. ನಂಗೆ ದಿಕ್ಕೇ ತೋಚ್ತಿಲ್ಲ." ರಾಜ ನಡೆದದ್ದೆಲ್ಲ ಹೇಳಿದ.

ಮಚ್ಚೆ ಮೆಲುಕು ಹಾಕುತ್ತಾ ಕೇಳಿತು. "ಗೋದಾನದ ಕಟ್ಟಲೆಯಲ್ಲೇ ಕೊಡಿ ಅಂತ ಅವನೇ ಬಾಯಿಬಿಟ್ಟು ಕೇಳಿದ್ನಾ?"

"ಹೂಂ. ಮೂರು ಸಲವೂ."

"ಸರಿ. ಬೆಳಿಗ್ಗೆ ಸಭೆ ಕರಿ. ನೀನು ಯಾರಿಗೂ ಇಲ್ಲ ಅನ್ನೋನಲ್ಲ. ನಾನೂ ಒಂದು ದಾನ ಕೇಳ್ತೀನಿ."

"ನಿಂಗೂ ಬೇಕಾ? ಇನ್ನು ಏನು ಉಳಿದಿದೆ ಮಚ್ಚೆ?"

"ಈಗ್ಲೇ ಹೇಳಿದ್ರೆ ನಿನ್ನ ಮುಖ ನೋಡೇ ಕೇತಯ್ಯ ತಿಳ್ಕೊಂಡುಬಿಡ್ತಾನೆ. ಹೋಗಿ ಮಲಕೋ."

ಬೆಳಿಗ್ಗೆ ಸಭೆ ಸೇರಿತು. ಗಾಡಿ ಕಟ್ಟಿದ್ದ ಜನವೆಲ್ಲ ಬಂದು ನಿಂತರು. ಹಕ್ಕಿ ಬಂತು, ಮುಸುವ ಬಂತು, ಕಪ್ಪೆ ಬಂತು. ಮಚ್ಚೆ ಕಾಲೆಳೆಯುತ್ತಾ ಸಿಂಹಾಸನದ ಮುಂದೆ ಬಂದು ನಿಂತಿತು.

"ರಾಜಾ, ನಂಗೆ ಕರುಗಳ ದಾನ ಕೊಡು."

"ಯಾವ ಕರುಗಳು?" ರಾಜನಿಗೆ ಮತ್ತೆ ಗಲಿಬಿಲಿ.

"ಕೇತಯ್ಯಂಗೆ ಮೂರು ಹಸು ಕೊಟ್ಟೆಯಲ್ಲ. ತೋಪು, ಗುಡ್ಡ, ಕೆರೆ. ಅವುಗಳ ಕರುಗಳು."

ಕೇತಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೆರೆಗೆ ಕರುವಂತೆ! ಮುದಿ ಹಸುವಿಗೆ ಅರಳುಮರಳು! ಕೊಡಿ ಪ್ರಭು, ಕೊಡಿ. ಎಷ್ಟು ಕರು ಇದ್ದಾವೋ ಅಷ್ಟೂ ಅದಕ್ಕೇ ಇರಲಿ. ಅವಕ್ಕೆ ಕಟ್ಟಲೆ ಪ್ರಕಾರ ಏನು ಸಲ್ಲಬೇಕೋ ಅದೂ ಸಲ್ಲಲಿ. ಸಭೆಯ ಮುಂದೆ ಹೇಳ್ತಿದ್ದೀನಿ, ನನ್ನದೇನೂ ತಕರಾರಿಲ್ಲ!"

ರಾಜ ಧಾರೆ ಎರೆದ. ಮಚ್ಚೆ ಜನರ ಕಡೆ ತಿರುಗಿತು.

"ತಾಯಿಯ ಹಾಲು ಕುಡಿದು ಬೆಳೆದದ್ದು ಕರು. ಹೌದೋ ಅಲ್ಲವೋ? ತೋಪಿನ ಮಡಿಲಲ್ಲಿ ಬೆಳೆದೋರು ಯಾರು?"

"ನಾನು," ಅಂದಿತು ಗೊರವಂಕ. "ಮೊಟ್ಟೆ ಒಡೆದು ಕಣ್ಣು ಬಿಟ್ಟದ್ದೇ ಅಲ್ಲಿ."

"ಗುಡ್ಡ ಯಾರಿಗೆ ಉಣಿಸ್ತು?"

"ನಂಗೆ, ನನ್ನ ಮರಿಗೆ," ಅಂದಿತು ಮುಸುವ.

"ಕೆರೆ ಯಾರಿಗೆ ಕುಡಿಸ್ತು?"

"ನಂಗೆ," ಅಂದಿತು ಕಪ್ಪೆ. "ನಂಗೂ!" ಅಂದಳು ಸಾಕವ್ವ. "ನಮ್ಮ ಮಡಕೆ ಮಣ್ಣೂ ಅದರದ್ದೇ." ಆಮೇಲೆ ಯಾರು ಯಾರು ಕೂಗಿದರೋ ಲೆಕ್ಕವಿಲ್ಲ. ಎಮ್ಮೆ ಕೂಗಿತು, ಕೊಕ್ಕರೆ ಕೂಗಿತು, ಅಗಸರು ಕೂಗಿದರು, ಹೊಲದವರು ಕೂಗಿದರು, ತೊಟ್ಟಿಲ ಕೂಸೂ ಅತ್ತಿತು. ಸಭೆಯೆಲ್ಲ ಕರುಗಳೇ.

ಆಗ ಸಿಂಹಾಸನದಿಂದ ಬೊಪ್ಪರಸ ಎದ್ದು ನಿಂತ. ಅಭ್ಯಾಸಬಲದಿಂದ ಕಿರೀಟ ಎತ್ತಿದ. ತಲೆ ಕೆರೆದುಕೊಳ್ಳಲಿಲ್ಲ. ಕಿರೀಟವನ್ನು ಪಕ್ಕಕ್ಕಿಟ್ಟು ಮೆಟ್ಟಿಲಿಳಿದು ಬಂದು ಕಪ್ಪೆಗೂ ಸಾಕವ್ವನಿಗೂ ನಡುವೆ ನಿಂತುಕೊಂಡ.

"ಮಚ್ಚೆ, ನಾನೂ ಆ ಕೆರೆಯ ನೀರೇ ಕುಡಿದವನು. ನಾನೂ ಕರುವೇ. ನಾನು ಒಡೆಯ ಅಂದ್ಕೊಂಡಿದ್ದೆ. ಕರು ಹೋಗಿ ತನ್ನ ತಾಯನ್ನೇ ದಾನ ಕೊಟ್ಟುಬಿಡ್ತಲ್ಲ!"

ಕೇತಯ್ಯನ ನಗು ಯಾವಾಗಲೋ ನಿಂತಿತ್ತು.

"ಕೇತಯ್ಯ," ಅಂದಿತು ಮಚ್ಚೆ, "ಕಟ್ಟಲೆ ಹೇಳು. ಕರುವಿನ ಹೊಟ್ಟೆ ತುಂಬೋ ತನಕ?"

ಕೇತಯ್ಯ ತಲೆ ತಗ್ಗಿಸಿ ಗೊಣಗಿದ. "ಚೊಂಬು ಹಿಡಿಯಬಾರದು."

"ಹಾಗಾದ್ರೆ ಬೇಲಿ ತೆಗಿ. ನನ್ನ ಕರುಗಳೆಲ್ಲ ಕುಡಿದ ಮೇಲೆ ನೀನು ಕುಡಿ. ಮೇವು ಹಾಕೋರು ಯಾರು?"

"ಕಟ್ಟಿಕೊಂಡವರು."

"ಕೆರೆಯ ಹೂಳೆತ್ತೋದೇ ಮೇವು. ಗುಡ್ಡಕ್ಕೆ ಬೆಂಕಿ ಬೀಳದ ಹಾಗೆ ಕಾಯೋದೇ ಮೇವು. ತೋಪಿಗೆ ಸಸಿ ನೆಡೋದೇ ಮೇವು. ಇವತ್ತಿಂದಲೇ ಶುರು ಹಚ್ಚಿಕೋ."

"ಅಯ್ಯಯ್ಯೋ, ನಂಗೆ ಈ ಹಸುಗಳೇ ಬೇಡ! ವಾಪಸ್ ತಗೊಳ್ಳಿ ಪ್ರಭು!" ಕೇತಯ್ಯ ರಾಜನ ಕಾಲಿಗೆ ಬಿದ್ದ.

"ಗೋದಾನ ಕಣಯ್ಯಾ," ಅಂದಿತು ಮಚ್ಚೆ. "ಕೊಟ್ಟವನು ವಾಪಸ್ ತಗೊಳ್ಳೋ ಹಾಗಿಲ್ಲ, ತಗೊಂಡವನು ಬಿಡೋ ಹಾಗಿಲ್ಲ. ಅದಕ್ಕೇ ಅಲ್ವಾ ನೀನು ಮೂರು ಸಲ ಕೇಳಿ ಮಾಡಿಸಿಕೊಂಡದ್ದು?"

ಜನ ನಕ್ಕ ನಗುವಿಗೆ ಅರಮನೆಯ ಪಾರಿವಾಳಗಳೆಲ್ಲ ಹಾರಿಹೋದವು. ಗಾಡಿಯ ಗಂಟುಮೂಟೆ ಇಳಿಯಿತು. ತೂಬಿನ ಬೀಗ ಒಡೆಯಿತು. ಕಪ್ಪೆ ಎಲ್ಲರಿಗಿಂತ ಮೊದಲು ನೀರಿಗೆ ಹಾರಿತು.

ಮಾರನೆಯ ದಿನದಿಂದ ಕೇತಯ್ಯ ಹೂಳಿನ ಬುಟ್ಟಿ ಹೊತ್ತ. ಎಲೆಯಡಿಕೆ ಮಡಿಚಿದ ಕೈಯಲ್ಲಿ ಬೊಬ್ಬೆಗಳು ಎದ್ದವು. ಏದುಸಿರು ಬಿಡುತ್ತಾ ತಿರುಗಿ ನೋಡುತ್ತಾನೆ, ಹಿಂದೆ ಇನ್ನೊಬ್ಬ ಬುಟ್ಟಿ ಹೊತ್ತು ಬರುತ್ತಿದ್ದಾನೆ. ಯಾರು ಅಂತೀರಿ? ಬೊಪ್ಪರಸ! ಮೊಣಕಾಲವರೆಗೆ ಕೆಸರು.

"ನಿಮಗ್ಯಾಕೆ ಪ್ರಭು ಇದು? ಕಟ್ಟಲೆ ನನಗೆ ತಾನೇ?"

"ಇಷ್ಟು ದಿನ ನಾನು ಕೊಟ್ಟದ್ದು ಒಂದೂ ನಂದಲ್ಲ ಕೇತಯ್ಯ," ಅಂದ ರಾಜ. "ಈ ತೋಳು ನಂದು. ಇದನ್ನ ಕೊಟ್ಟು ನೋಡ್ತೀನಿ." ಬುಟ್ಟಿ ಭಾರವಾಗಿತ್ತು. ಆದರೆ ಅವತ್ತು ಅವನಿಗೆ ಕೈ ತೊಳೆದುಕೊಳ್ಳಬೇಕು ಅನ್ನಿಸಲೇ ಇಲ್ಲ.

ಅವನ ಮಾತು ಏನಾಯಿತು ಅಂತೀರಾ? ಅದೂ ಉಳಿಯಿತು. ಯಾರು ಏನು ಕೇಳಿದರೂ ಅವನು ಇಲ್ಲ ಅನ್ನುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ, "ಅದು ನನ್ನದಾ?" ಅಂತ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ತನ್ನದಾದರೆ ಎರಡೂ ಕೈಯಲ್ಲಿ ಕೊಡುತ್ತಿದ್ದ. ಅಲ್ಲವಾದರೆ, "ನಾನೂ ಅದರ ಕರು ಕಣಪ್ಪಾ, ಬಾ, ಜೊತೆಗೆ ಕುಡಿಯೋಣ" ಅನ್ನುತ್ತಿದ್ದ.

ನೀತಿ ಇಷ್ಟೇ ಮಕ್ಕಳೇ. ನೀರು, ನೆರಳು, ಗುಡ್ಡ ಇವು ನಾವು ಕೊಡುವ ದಾನವಲ್ಲ, ನಮ್ಮನ್ನು ಸಾಕುತ್ತಿರುವ ತಾಯಂದಿರು. ದಾನ ಮಾಡೋದಾದರೆ ನಿಮ್ಮದನ್ನು ಮಾಡಿ. ಎಲ್ಲರ ತಾಯನ್ನು ಒಬ್ಬನ ಕೊಟ್ಟಿಗೆಗೆ ಕಟ್ಟಬೇಡಿ.

ಕಥೆ ಕೇಳಿದ್ದಾಯಿತು, ಏಳಿ. ಹೋಗುವಾಗ ಬಾಗಿಲ ಪಕ್ಕದ ಗಿಡಕ್ಕೆ ಒಂದು ಚೊಂಬು ನೀರು ಹಾಕಿ ಹೋಗಿ.