ಹಗೇವಿನ ಬಾಯಲ್ಲಿ ಒಂದು ಜೋಡಿ ಚಪ್ಪಲಿ

"ಗುರುಗಳೇ, ಈ ಡಿಸ್ಕನ್ನು ಯಾರೋ ಹಿಡಿದುಕೊಂಡಿದ್ದಾರೆ. ಬಲವಂತವಾಗಿ ಕಿತ್ತುಬಿಡಲೇ?" ಎಂದು ಮುರಿಗೆಯ್ಯ ಕೇಳಿದ.

ಮಠದ ಓಲೆಗರಿಗಳ ಚಿತ್ರಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ. ಒಳಗೆ ಏನಾದರೂ ಕೆಲಸ ನಡೆಯುತ್ತಿರುವಾಗ ಕಿತ್ತರೆ ಅವು ಕೆಡಬಹುದು. ಅದಕ್ಕೇ ಕಂಪ್ಯೂಟರು ಡಿಸ್ಕನ್ನು ಬಿಟ್ಟುಕೊಡುತ್ತಿರಲಿಲ್ಲ. ಮುರಿಗೆಯ್ಯ ಡಿಸ್ಕಿನೊಳಗಿನ ಫೋಲ್ಡರಿಗೇ ಹೋಗಿ, ಅಲ್ಲಿ ಆಜ್ಞೆ ಬರೆಯುವ ಕಮಾಂಡ್ ಕಿಟಕಿ ತೆರೆದು, ಇದನ್ನು ಯಾರು ಬಳಸುತ್ತಿದ್ದಾರೆ ಎಂದು ಕೇಳಿದ್ದ. ಕಂಪ್ಯೂಟರು ಹೆಸರು ಹೇಳಲಿಲ್ಲ; ಡಿಸ್ಕಿನೊಳಗೆ ತೆರೆದಿರುವ ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಸಂಖ್ಯೆ ತೋರಿಸಿತು. ಅವನು ಒಂದೊಂದನ್ನೇ ಹುಡುಕಿ ನಿಲ್ಲಿಸಿದ. ಕೊನೆಗೆ ಯಾರದೆಂದು ತಿಳಿಯದ ಒಂದು ಉಳಿಯಿತು. ಅದು ಜೊತೆಯ ಶಿಷ್ಯ ಸಂಗಯ್ಯನದೇ ಕಿತಾಪತಿ ಎಂದು ಅವನಿಗೆ ಖಾತ್ರಿಯಾಗಿತ್ತು. ಸಿಟ್ಟು ನೆತ್ತಿಗೇರಿತ್ತು.

"ಸಂಗಯ್ಯನನ್ನು ಕರೆಸೋಣ. ಮೊದಲು ಈ ಕತೆ ಕೇಳು" ಎಂದರು ಗುರುಗಳು.

ಒಬ್ಬ ರೈತನ ಮನೆಯ ಮುಂದೆ ಹಗೇವು ಇತ್ತು. ನೆಲದೊಳಗೆ ಆಳಕ್ಕೆ ತೋಡಿ ಜೋಳ ತುಂಬಿಡುವ ಕಣಜ ಅದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯೂ ಆಡದು. ಆದ್ದರಿಂದ ಇಳಿಯುವವರು ಚಪ್ಪಲಿಯನ್ನು ಹಗೇವಿನ ಬಾಯಲ್ಲಿ ಬಿಟ್ಟೇ ಇಳಿಯಬೇಕು. ಒಂದು ಜೋಡಿ ಉಳಿದಿದ್ದರೂ ಕಲ್ಲು ಎಳೆಯುವಂತಿಲ್ಲ. ಅದು ಊರಿನ ಕಟ್ಟುಪಾಡು.

ಆ ದಿನ ಜೋಳ ತುಂಬುವಷ್ಟರಲ್ಲಿ ಪಡುವಣ ಕಪ್ಪಾಯಿತು. ಹಗೇವಿಗೆ ನೀರು ಇಳಿದರೆ ವರ್ಷದ ಅನ್ನ ಕೊಳೆಯುತ್ತದೆ. ಕಾಳು ಹರಡುತ್ತಿದ್ದ ಆಳುಗಳು ಮೇಲೆ ಬಂದು ಚಪ್ಪಲಿ ಮೆಟ್ಟಿದರು. ಯಾರಾದರೂ ಉಳಿದರೋ ಎಂದು ನೋಡಲು ರೈತನೇ ಇಳಿದ. ಕತ್ತಲಲ್ಲಿ ಗೋಡೆಗುಂಟ ತಡವಿದ. ಯಾರೂ ಸಿಗಲಿಲ್ಲ.

"ಒಳಗ ಯಾರೂ ಇಲ್ಲ. ಕಲ್ಲು ತರಸು!" ಎಂದು ಹೆಂಡತಿಗೆ ಕೂಗಿದ.

"ಹ್ಯಾಂಗ ತರಸಲ್ರೀ? ಒಂದು ಜೋಡಿ ಇನ್ನೂ ಇಲ್ಲೇ ಐತಿ."

"ಯಾವ ಸೋಮಾರಿದು ಅದು? ಹೆಸರು ಹೇಳು! ಅವ ಸಿಗೂತನಕ ನಾ ಮ್ಯಾಲ ಬರೂದಿಲ್ಲ."

ಹೆಂಡತಿ ಬಾಯಿ ಬಿಡಲಿಲ್ಲ. ಇವಳು ಯಾರನ್ನೋ ಕಾಪಾಡುತ್ತಿದ್ದಾಳೆ ಎಂದು ರೈತ ಕೆಂಡವಾದ. ಮತ್ತೆ ತಡವಿದ, ಮತ್ತೆ ಬೈದ. ಮೇಲೆ ಮೊದಲ ಹನಿ ಬಿತ್ತು. ಅವಳಿಗೆ ಅಳುವೇ ಬಂತು. ಗಂಡನ ಹೆಸರು ಹೇಳುವ ರೂಢಿ ಆ ಊರಲ್ಲಿಲ್ಲ. ಕಡೆಗೆ ಬಗ್ಗಿ, ಮಗಳ ಹೆಸರು ಹಿಡಿದು, "ನಮ್ಮ ನೀಲವ್ವನ ಅಪ್ಪಂದು ರೀ" ಎಂದಳು.

ತಡವುತ್ತಿದ್ದ ಕೈ ನಿಂತಿತು. ರೈತ ಮೇಲೆ ಬಂದು, ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿದ. ಕಲ್ಲು ಮುಚ್ಚಿತು. ಜೋಳ ಉಳಿಯಿತು.

ಮುರಿಗೆಯ್ಯ ಸಿಟ್ಟು ಮರೆತು ನಕ್ಕ. "ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು! ಎಂಥ ದಡ್ಡ, ಗುರುಗಳೇ!"

ಗುರುಗಳು ನಗಲಿಲ್ಲ. ಪರದೆಯಲ್ಲಿ ಉಳಿದಿದ್ದ ಆ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟರು.

"ಸಂಗಯ್ಯನನ್ನು ಆಮೇಲೆ ಕರೆಯೋಣ, ನೀನು ಈ ಪ್ರಶ್ನೆ ಕೇಳಿದ್ದು ಯಾವ ಫೋಲ್ಡರಿನೊಳಗೆ ಕುಳಿತು, ಮಗು?"